ಬರಿಗಾಲಿನ ಪಂಡಿತ

ಹೆಡ್ ಕಾನ್‌ಸ್ಟೆಬಲ್ ಲಿಂಗಮ್ಮ ಒದ್ದೆ ಬಟ್ಟೆಯಿಂದ ಠಾಣೆಯ ಮೇಜು ಒರೆಸುತ್ತಿದ್ದರು. 2025ರ ಜುಲೈ 14, ಬೆಳಿಗ್ಗೆ 10.20. ಬಸವೇಶ್ವರನಗರದ ನಿವೃತ್ತ ಅಧಿಕಾರಿ ವಿಶ್ವಾರಾಧ್ಯ ಒಳಗೆ ಬಂದು, ಕೆತ್ತನೆಯ ಬಿದಿರಿನ ಕೊಳವೆಯೊಂದನ್ನು ಮೇಜಿನ ಮೇಲಿಟ್ಟರು.

"ಇದು ಕಳವಾಗಿದೆ."

ಇನ್‌ಸ್ಪೆಕ್ಟರ್ ವೆಂಕಟಗಿರಿ ನೋಡಿದರು. "ಇಲ್ಲೇ ಇದೆಯಲ್ಲ ಸಾರ್."

"ಇದು ನಕಲಿ, ಹಗುರ. ಅಸಲಿ ಹೋಗಿದೆ."

ಅಸಲಿ, ಚೀನಾದ ಪಂಡಿತರು ಬರೆಯುವ ಕುಂಚಗಳನ್ನು ನಿಲ್ಲಿಸಿಡುತ್ತಿದ್ದ ಹಳೆಯ ಕುಂಚದಾನಿ. ವಿಶ್ವಾರಾಧ್ಯರ ಹೆಂಡತಿ ಸಿಂಗಪುರದಲ್ಲಿ ಕೊಂಡಿದ್ದು. ಎಫ್‌ಐಆರ್ ದಾಖಲಾಯಿತು. ವೆಂಕಟಗಿರಿ ವಿಶ್ವಾರಾಧ್ಯರು ತಂದಿದ್ದ ಅಸಲಿಯ ಫೋಟೊ ಪಕ್ಕಕ್ಕಿಟ್ಟು ಭೂತಗನ್ನಡಿ ಹಿಡಿದರು. ಪೈನ್ ಮರ, ಸೇತುವೆ, ಕೋಲು ಹಿಡಿದ ಮುದುಕ ಪಂಡಿತ, ಎಲ್ಲ ಒಂದೇ. ಫೋಟೊದಲ್ಲಿ ಮುದುಕನ ಕಾಲಿಗೆ ಜೋಡು ಇತ್ತು. ಇಲ್ಲಿ ಅಕ್ಕಿಕಾಳಿಗಿಂತ ಸಣ್ಣ ಪಾದಕ್ಕೆ ಐದೈದು ಬೆರಳು.

"ಬೆರಳು ಯಾಕೆ ಕೆತ್ತಿದ?"

"ಕೈ ಅಭ್ಯಾಸ ಸಾರ್," ಎಂದರು ಲಿಂಗಮ್ಮ. "ದೇವರಿಗೆ, ಶರಣರಿಗೆ ಯಾರಾದ್ರೂ ಚಪ್ಪಲಿ ಕೆತ್ತುತಾರಾ?"

ವೆಂಕಟಗಿರಿ ವಿಶ್ವಾರಾಧ್ಯರತ್ತ ತಿರುಗಿದರು. "ಮನೇಲಿ ಮರದ ಕೆಲಸ ಮಾಡಿಸಿದ್ರಾ?"

"ದೇವರಮನೆ ಬಾಗಿಲು. ಮಾರೇನಹಳ್ಳಿ ರೇವಣಸಿದ್ದನ ಹತ್ರ. ಜನವರೀಲಿ ಹಾಕಿದ್ರು, ಜೂನಲ್ಲಿ ಪಾಲಿಶ್‌ಗೆ ಬಂದ್ರು."

ಮಧ್ಯಾಹ್ನ 2.15. ಅಂಗಡಿಯಲ್ಲಿ ರೇವಣಸಿದ್ದ ನಕಲಿಯನ್ನು ತಿರುಗಿಸಿ ತಿರುಗಿಸಿ ನೋಡಿದ. "ಮೂವತ್ತು ವರ್ಷದಿಂದ ಉಳಿ ಹಿಡಿದಿದೀನಿ ಸಾರ್. ನನ್ನ ಕೈಲಿ ಇದಾಗಲ್ಲ."

"ಎರಡು ಸಲವೂ ಆ ಮನೆಗೆ ಹೋಗಿದ್ದೋರು?"

"ಸುವರ್ಣಾ. ಉಪ್ಪುಕಾಗದ ಉಜ್ಜೋಳು. ಅವಳಿಗೆಲ್ಲಿ ಬರುತ್ತೆ? ಉಳಿ ಮುಟ್ಟೋಕೇ ಬಿಟ್ಟಿಲ್ಲ."

ಮೂಲೆಯಲ್ಲಿ ಬಾಗಿಲು ಉಜ್ಜುತ್ತಿದ್ದ ಹುಡುಗಿಯ ಕೈ ನಿಂತಿತು.

"ನೀನೇನಮ್ಮ ಕೆತ್ತಿದ್ದು?"

"ಹೂಂ ಸಾರ್. ಜನವರೀಲಿ ಫೋನಲ್ಲಿ ಫೋಟೊ ತಕ್ಕೊಂಡಿದ್ದೆ. ಛತ್ರಿ ಕಡ್ಡಿ ಮಸೆದು ಉಳಿ ಮಾಡ್ಕೊಂಡೆ. ಜೂನಲ್ಲಿ ಇದನ್ನಿಟ್ಟು ಅದನ್ನ ತಂದೆ."

"ಮುದುಕನ ಜೋಡು ಎಲ್ಲಿ?"

"ಗೊತ್ತೇ ಆಗ್ಲಿಲ್ಲ. ಆರು ವರ್ಷದಿಂದ ನಾನು ಉಜ್ಜಿದ್ದೆಲ್ಲಾ ಬರಿಗಾಲೇ."

3.40ಕ್ಕೆ ಮಲ್ಲತ್ತಹಳ್ಳಿಯ ಅವಳ ಕೋಣೆಯಲ್ಲಿ ಪಂಚನಾಮೆ ಶುರುವಾಯಿತು. ಸಾಕ್ಷಿಗೆ ನಿಂತ ಪಂಚರಲ್ಲಿ ರೇವಣಸಿದ್ದನೂ ಒಬ್ಬ. ಹಳೆಯ ವೇಲ್‌ನಲ್ಲಿ ಸುತ್ತಿಟ್ಟ ಅಸಲಿ ಸಿಕ್ಕಿತು. ಪಕ್ಕದಲ್ಲಿ ಕೆತ್ತಿ ಕೆಟ್ಟ ಹನ್ನೊಂದು ಬಿದಿರ ತುಂಡು.

"ಯಾಕೆ ಮಾರಲಿಲ್ಲ?"

"ಮಾರೋಕಲ್ಲ ಸಾರ್. ಎಲೆ ಹಿಂದೆ ಇನ್ನೊಂದು ಎಲೆ ಇದೆ. ಉಳಿ ಹೇಗೆ ಒಳಗೆ ಹೋಯ್ತು ಅಂತ ಫೋಟೊದಲ್ಲಿ ಕಾಣಲ್ಲ. ಹೇಳಿಕೊಡಿ ಅಂತ ಈ ಅಂಗಡಿ ಅಣ್ಣನ್ನ ಮೂರು ವರ್ಷ ಕೇಳಿದೆ. ಹೆಣ್ಣುಮಕ್ಕಳಿಗಲ್ಲ ಅಂದ್ರು."

ರೇವಣಸಿದ್ದ ಕೆಟ್ಟ ತುಂಡೊಂದನ್ನು ಎತ್ತಿ ತಿರುಗಿಸಿ ನೋಡಿದ.

ಸಂಜೆ 5.05ಕ್ಕೆ ಬಂಧನ. ವೆಂಕಟಗಿರಿ ವಶಪಡಿಸಿಕೊಂಡ ವಸ್ತುಗಳ ಪಟ್ಟಿ ಓದಿ ಹೇಳಿದರು. ಒಂದು, ಅಸಲಿ ಕುಂಚದಾನಿ. ಎರಡು, ನಕಲಿ ಕುಂಚದಾನಿ, ಮೇಲೆ ಕೆತ್ತಿದವರ ಹೆಸರಿಲ್ಲ. ಸುವರ್ಣಾ ನಿಧಾನವಾಗಿ ಅಕ್ಷರ ಜೋಡಿಸಿ ಸಹಿ ಹಾಕಿದಳು.

"ಸಾರ್, ಎರಡನೇದರ ಮುಂದೆ ನನ್ನ ಹೆಸರು ಬರೀತೀರಾ?"

ವೆಂಕಟಗಿರಿ ಪೆನ್ನಿಗೆ ಮುಚ್ಚಳ ಹಾಕಿದರು.