ಪಂಚೆ ಉಟ್ಟ ಕಾರು

ಹಾಲಮ್ಮನ ಬುಟ್ಟಿ ಚರಂಡಿಯಲ್ಲಿ ಬಿದ್ದಿತ್ತು. ರಸ್ತೆಯ ತುಂಬ ಸೇವಂತಿಗೆ. ಹಾಲಮ್ಮನನ್ನು ಆಗಲೇ ಆಂಬುಲೆನ್ಸ್ ಒಯ್ದಿತ್ತು.

ಶುಕ್ರವಾರ ಬೆಳಿಗ್ಗೆ ಆರೂಮುಕ್ಕಾಲು. ಸವಳಂಗ ರಸ್ತೆ. ಹೂ ಮಾರುವ ಹೆಂಗಸಿಗೆ ಕಾರೊಂದು ಗುದ್ದಿ, ನಿಲ್ಲದೆ ಹೋಗಿತ್ತು.

ಸಬ್ ಇನ್‌ಸ್ಪೆಕ್ಟರ್ ಶರಾವತಿ ಹೂಗಳ ನಡುವೆ ಕುಕ್ಕರುಗಾಲಲ್ಲಿ ಕೂತಳು. ಗೇಣುದ್ದದ ಪ್ಲಾಸ್ಟಿಕ್ ಚೂರೊಂದು ಸಿಕ್ಕಿತು. ಕಾರಿನ ಚಕ್ರದ ಮೇಲೆ ಕಮಾನಿನ ಹಾಗೆ ಕೂರಿಸುವ ಪಟ್ಟಿಯ ತುಂಡು. ಬೂದಿ ಬಣ್ಣ. ರಸ್ತೆಯ ಧೂಳಿರಬೇಕು ಅಂದುಕೊಂಡು ಕವರಿಗೆ ಹಾಕಿದಳು. ಪೊಲೀಸರು ಹಾಗೆಲ್ಲ ಅಂದುಕೊಳ್ಳಬಾರದು.

"ಕ್ಯಾಮೆರಾ?"

"ಪೆಟ್ರೋಲ್ ಬಂಕಿಂದು ಒಂದಿದೆ ಮೇಡಂ," ಎಂದ ಹೆಡ್ ಕಾನ್‌ಸ್ಟೇಬಲ್ ಯೋಗರಾಜ್. "ಬಿಳಿ ಕಾರು. ಇಪ್ಪತ್ತು ವರ್ಷದ ಹಳೇ ಮಾಡೆಲ್, ಸುತ್ತ ಕಪ್ಪು ಪಟ್ಟಿ ಇರುತ್ತಲ್ಲ, ಅದು. ನಂಬರ್ ಕಾಣಲ್ಲ."

ಆಸ್ಪತ್ರೆಯಲ್ಲಿ ಹಾಲಮ್ಮನಿಗೆ ಎಚ್ಚರವಿತ್ತು. ತೊಡೆಯ ಮೂಳೆ ಮುರಿದಿತ್ತು.

"ಇಳಿದು ಒಂದ್ಲೋಟ ನೀರು ಕೊಟ್ಟಿದ್ರೆ ಸಾಕಿತ್ತು ಕಣವ್ವ," ಎಂದಳು ಆಕೆ. ಬೈಗುಳ ಕೂಡ ಅವಳ ಬಾಯಿಂದ ಬರಲಿಲ್ಲ.

\*

ಸೋಮವಾರ ಸುಳಿವು ತಾನಾಗಿಯೇ ಠಾಣೆಗೆ ನಡೆದು ಬಂತು. ಅದರ ಹೆಸರು ನಿಶಾಂತ್. ಮಾಚೇನಹಳ್ಳಿಯಲ್ಲಿ ಗ್ಯಾರೇಜ್ ಇಟ್ಟವನು.

"ಗಿರಾಕಿ ಮೇಲೆ ಹೇಳೋಕೆ ಮನಸ್ಸಿಲ್ಲ ಮೇಡಂ. ಆದ್ರೆ ಆ ಹೆಂಗಸಿನ ವಿಷಯ ಪೇಪರಲ್ಲಿ ಓದಿದೆ. ಶನಿವಾರ ಒಂದು ಬಿಳಿ ಕಾರು ಸರ್ವೀಸಿಗೆ ಬಂತು. ಮುಂದೆ ಎಡಗಡೆ ಚಕ್ರದ ಪಟ್ಟಿ ಮುರಿದಿದೆ."

"ಯಾರದು?"

"ಭದ್ರಾವತಿ ಕಲ್ಲಪ್ಪ ಅಂತ, ಕಾರ್ಖಾನೇಲಿ ರಿಟೈರ್ ಆದೋರು. ಶುಕ್ರವಾರ ಬೆಳಿಗ್ಗೆ ಸವಳಂಗ ರಸ್ತೆ ಕಣ್ಣಾಸ್ಪತ್ರೆಗೆ ಹೋಗಿದ್ದೆ ಅಂತ ಅವರೇ ಅಂದ್ರು. ಕಣ್ಣು ಮಂಜಂತೆ, ಪಾಪ."

ಶರಾವತಿಯ ಪೆನ್ನು ನಿಂತಿತು.

ಕಲ್ಲಪ್ಪ ಮಾಮ! ಭದ್ರಾವತಿಯ ಕ್ವಾರ್ಟರ್ಸಿನಲ್ಲಿ ಪಕ್ಕದ ಮನೆ. ಅಪ್ಪನ ಜತೆ ಒಂದೇ ಪಾಳಿ. ಆ ಸಾಲಿಗೆಲ್ಲ ಮೊದಲ ಕಾರು ಮಾಮನದೇ. ಪ್ರತಿ ಭಾನುವಾರ ಕಾರ್ಖಾನೆಯ ಸೈರನ್ ಆದ ಕೂಡಲೇ ಮಕ್ಕಳೆಲ್ಲ ಒದ್ದೆ ಬಟ್ಟೆ ಹಿಡಿದು ಓಡುತ್ತಿದ್ದರು. ಕಾರಿನ ಕಪ್ಪು ಪಟ್ಟಿಗಳನ್ನು ಒರೆಸಿದವರಿಗೆ ಭದ್ರಾ ಸೇತುವೆಯವರೆಗೆ ಒಂದು ಸವಾರಿ. "ಇನ್ನೂ ಸ್ವಲ್ಪ ಮುಂದೆ ಹೋಗು ಮಾಮ" ಎಂದು ಎಷ್ಟು ಗೋಗರೆದರೂ ಮಾಮ ಸೇತುವೆ ದಾಟುತ್ತಿರಲಿಲ್ಲ. ಆ ಸೈರನ್ ಈಗ ಕೂಗುವುದಿಲ್ಲ. ಅಪ್ಪನೂ ಇಲ್ಲ.

\*

ಗ್ಯಾರೇಜಿನಲ್ಲಿ ಕಾರು ಮಿರಮಿರ ಮಿಂಚುತ್ತಿತ್ತು. ಯೋಗರಾಜ್ ಚೂರನ್ನು ಕವರಿನ ಸಮೇತ ಮುರಿದ ಜಾಗಕ್ಕೆ ಹಿಡಿದ. ಹಲ್ಲಿಗೆ ಹಲ್ಲು ಕೂತ ಹಾಗೆ ಕೂತಿತು.

"ಆಯ್ತಲ್ಲ ಮೇಡಂ, ಕೇಸ್ ಮುಗೀತು."

ಶರಾವತಿ ಸರಿಯಾಗಿ ನೋಡಲೂ ಇಲ್ಲ. ಅವಳಿಗೆ ಅಲ್ಲಿಂದ ಹೊರಟರೆ ಸಾಕಾಗಿತ್ತು.

ಸಂಜೆ ಒಬ್ಬಳೇ ಭದ್ರಾವತಿಗೆ ಹೋದಳು. ಕಲ್ಲಪ್ಪ ಜಗಲಿಯ ಮೇಲೆ ಕೂತಿದ್ದ. ಎಪ್ಪತ್ತೆರಡು ವರ್ಷ. ಮುಖ ಬಾಡಿತ್ತು. ನಿಶಾಂತ್ ಶನಿವಾರವೇ ಅವನಿಗೂ ಫೋನ್ ಮಾಡಿ ಪಟ್ಟಿ ಮುರಿದ ವಿಷಯ, ಹಾಲಮ್ಮನ ವಿಷಯ ಎರಡನ್ನೂ ಹೇಳಿದ್ದ.

"ನಾನೇ ಗುದ್ದಿರಬೇಕು ಶರೂ."

"ಗುದ್ದಿದ್ದು ನೆನಪಿದೆಯಾ ಮಾಮ?"

"ಇಲ್ಲ ಮಾರಾಯ್ತಿ. ಅದೇ ಸಂಕಟ. ಎರಡು ದಿನದಿಂದ ನೆನಪು ಮಾಡ್ಕೋತಾನೇ ಇದೀನಿ. ಪಟ್ಟಿ ಮುರಿದದ್ದೂ ಈ ಕಣ್ಣಿಗೆ ಕಾಣಲಿಲ್ಲ. ಕಣ್ಣಿಗೆ ಕಾಣದೇ ಒಬ್ಬರನ್ನ ಬೀಳಿಸಿ ಬಂದುಬಿಟ್ಟೆನಾ? ಅಷ್ಟು ಕೆಟ್ಟೋನಾಗಿಬಿಟ್ಟೆನಾ? ಜೈಲಿಗೆ ಹೋಗ್ತೀನಿ ಬಿಡು. ಕಾರು ಗುಜರಿಗೆ ಹಾಕ್ಬಿಡು, ನಂಗೆ ಅದನ್ನ ನೋಡೋಕಾಗಲ್ಲ."

ಇಪ್ಪತ್ತು ವರ್ಷ ಸ್ಟೀರಿಂಗ್ ಹಿಡಿದ ಮನುಷ್ಯ ತನ್ನನ್ನೇ ನಂಬದೆ ಕೂತಿದ್ದ. ಶರಾವತಿ ಎದ್ದಳು. ನೀರು ತರಲು ಒಳಗೆ ಹೋದಳು. ಎಲ್ಲ ಹಾಗೆಯೇ ಇತ್ತು. ಟಿಫಿನ್ ಕ್ಯಾರಿಯರ್, ಛತ್ರಿಯ ಹಿಡಿ, ಸ್ಟೂಲಿನ ಕಾಲು, ಎಲ್ಲದರ ಮೇಲೂ ಕೊರೆದ ನಂಬರು 2318. ಮಾಮನ ಕಾರ್ಖಾನೆಯ ಟೋಕನ್ ನಂಬರು. ಒಂದು ಸ್ಪ್ಯಾನರೂ ಬೇರೆಯವರದರ ಜತೆ ಬೆರೆಯಬಾರದೆಂದು ಆ ಕಾಲದವರ ಅಭ್ಯಾಸ.

ಹಿತ್ತಲಿನ ತಂತಿಯ ಮೇಲೆ ಬಿಳಿ ಬಟ್ಟೆಯ ಉದ್ದುದ್ದ ಪಟ್ಟಿಗಳು ಒಣಗುತ್ತಿದ್ದವು. ಶರಾವತಿ ಚೊಂಬು ಹಿಡಿದು ಅಲ್ಲೇ ನಿಂತಳು. ಆಮೇಲೆ ಜಗಲಿಗೆ ಓಡಿ ಬಂದಳು.

"ಮಾಮ, ಈಗಲೂ ಕಾರಿಗೆ ಪಂಚೆ ಉಡಿಸ್ತೀರಾ?"

"ದಿನಾ. ನಿಲ್ಲಿಸಿದ ತಕ್ಷಣ. ಹಳೇ ಪಂಚೆ ಹರಿದು ಕ್ಲಿಪ್ ಹಾಕಿ ಪಟ್ಟಿ ಮುಚ್ಚಿದ್ರೆ ಬಿಸಿಲು ತಿನ್ನಲ್ಲ. ಬಿಸಿಲು ಬಿದ್ರೆ ಕಪ್ಪು ಪ್ಲಾಸ್ಟಿಕ್ ಬೂದಿ ಆಗುತ್ತೆ, ಆಮೇಲೆ ಬಿರುಕು ಬಿಡುತ್ತೆ. ನಿಂಗೆ ಗೊತ್ತಲ್ಲ, ಎಷ್ಟು ನಗ್ತಿದ್ರಿ ನೀವೆಲ್ಲ."

"ಮಿಂಚೋಕೆ ಏನಾದ್ರೂ ಹಚ್ತೀರಾ?"

"ಛೆ! ಎಣ್ಣೆ ಪದಾರ್ಥ ಹಚ್ಚಿದ್ರೆ ಧೂಳು ಕೂರುತ್ತೆ. ಒದ್ದೆ ಬಟ್ಟೆ, ಅಷ್ಟೇ."

"ಕಾರಿನ ಕಪ್ಪು ಪಟ್ಟಿಗಳನ್ನೂ ಕಳಚಿ ತೊಳೀತೀರಲ್ಲ, ಅವುಗಳ ಹಿಂದೆ ನಿಮ್ಮ ಟೋಕನ್ ನಂಬರ್ ಇದೆಯಾ?"

"ಇರದೇ ಮತ್ತೆ?"

ಶರಾವತಿಗೆ ನಗಬೇಕೆನಿಸಿತು, ಅಳಬೇಕೆಂದೂ ಅನಿಸಿತು. ಮಾಮನ ಕೈಗೆ ನೀರು ಕೊಟ್ಟಳು. "ನಾಳೆ ಬೆಳಿಗ್ಗೆ ಗ್ಯಾರೇಜಿಗೆ ಬನ್ನಿ" ಎಂದಳು.

\*

ಮರುದಿನ ಹತ್ತು ಗಂಟೆ. ಗ್ಯಾರೇಜಿನ ಅಂಗಳದಲ್ಲಿ ಕಲ್ಲಪ್ಪ, ಯೋಗರಾಜ್, ನಿಶಾಂತ್. ಶರಾವತಿ ಸೀಮೆಎಣ್ಣೆ ಅದ್ದಿದ ಬಟ್ಟೆ ಹಿಡಿದಿದ್ದಳು.

ಮೊದಲು ಕಲ್ಲಪ್ಪನ ಕಾರಿನ ಹಿಂದಿನ ಪಟ್ಟಿ ಒರೆಸಿದಳು. ಮಿಂಚು ಹೋಯಿತು, ಕಪ್ಪು ಉಳಿಯಿತು. ಆಮೇಲೆ ಮುರಿದ ಪಟ್ಟಿ ಉಜ್ಜಿದಳು. ಬಟ್ಟೆಗೆ ಮಸಿ ಹತ್ತಿತು. ಅಡಿಯಿಂದ ಬೂದಿ ಬಣ್ಣ ಎದ್ದು ಬಂತು.

"ರಸ್ತೇಲಿ ಸಿಕ್ಕ ಚೂರೂ ಬೂದಿ," ಎಂದಳು. "ನಾನು ಧೂಳು ಅಂದ್ಕೊಂಡಿದ್ದೆ. ಅದು ವರ್ಷಗಟ್ಟಲೆ ಬಿಸಿಲಲ್ಲಿ ನಿಂತ ಪ್ಲಾಸ್ಟಿಕ್. ಪಂಚೆ ಉಡೋ ಕಾರಲ್ಲಿ ಇದೊಂದೇ ಪಟ್ಟಿ ಹೇಗೆ ಬಾಡುತ್ತೆ ನಿಶಾಂತ್?"

"ಹಳೇ ಕಾರು ಮೇಡಂ... ಏನೇನೋ ಆಗುತ್ತೆ."

"ಆ ಮೂಲೆಯಲ್ಲಿರೋ ಬಿಳಿ ಕಾರು ಯಾರದು? ಇದೇ ಮಾಡೆಲ್ಲು."

ನಿಶಾಂತ್ ಕೈ ಒರೆಸಿಕೊಂಡ. "ನಂದೇ."

ಸೂರಿಲ್ಲದ ಜಾಗ. ಬಿಸಿಲು ನೇರ ಅದರ ಮೇಲೆ. ಪಟ್ಟಿಗಳೆಲ್ಲ ಹೊಸದಾಗಿ ಮಿಂಚುತ್ತಿದ್ದವು. ಶರಾವತಿ ಒಂದೊಂದೇ ಒರೆಸುತ್ತ ಬಂದಳು. ಬೂದಿ. ಬೂದಿ. ಬೂದಿ. ಮುಂದಿನ ಎಡಗಡೆಯದು ಮಾತ್ರ ಅಚ್ಚ ಕಪ್ಪು.

"ಯೋಗರಾಜ್, ಅದನ್ನ ಬಿಚ್ಚಿ."

ಸ್ಕ್ರೂ ಬಿಚ್ಚಿ ಪಟ್ಟಿ ತಿರುಗಿಸಿದರು. ಹಿಂದೆ ಮೊಳೆಯಲ್ಲಿ ಕೊರೆದ ನಾಲ್ಕು ಅಂಕಿ. ಕಲ್ಲಪ್ಪನ ಕಣ್ಣಿಗೆ ಅದು ಕಾಣಲಿಲ್ಲ. ಬೆರಳಾಡಿಸಿ ಓದಿದ.

"ಎರಡು... ಮೂರು... ಒಂದು... ಎಂಟು. ಇದು ನಂದು ಶರೂ!"

"ನಿಮ್ಮದೇ ಮಾಮ. ಶುಕ್ರವಾರ ಹಾಲಮ್ಮನಿಗೆ ಗುದ್ದಿದ್ದು ಇವನ ಕಾರು. ಶನಿವಾರ ನಿಮ್ಮದು ಸರ್ವೀಸಿಗೆ ಬಂತು. ಅದೇ ಮಾಡೆಲ್, ಅದೇ ಬಣ್ಣ. ಕಣ್ಣು ಮಂಜು, ಆ ರಸ್ತೇಲಿ ಹೋಗಿದ್ದೆ ಅಂತ ನೀವೇ ಬಾಯಿಬಿಟ್ಟು ಹೇಳಿದ್ರಿ. ಮುರಿದ ಪಟ್ಟಿ ನಿಮ್ಮ ಕಾರಿಗೆ, ನಿಮ್ಮದು ಇವನ ಕಾರಿಗೆ. ವ್ಯತ್ಯಾಸ ಗೊತ್ತಾಗಬಾರದು ಅಂತ ಎರಡಕ್ಕೂ ಕಪ್ಪು ಪಾಲಿಶ್."

ನಿಶಾಂತ್ ಶರಾವತಿಗೆ ಕೈ ಮುಗಿದ. "ಫೋನಲ್ಲಿ ಮಾತಾಡ್ತಾ ಇದ್ದೆ ಮೇಡಂ. ಹೆದರಿಬಿಟ್ಟೆ."

"ಹೆದರಿದ್ದು ಒಪ್ಪಬಹುದು. ಈ ವಯಸ್ಸಾದೋರ ತಲೆಗೆ ಕಟ್ಟಿದೆಯಲ್ಲ, ಅದನ್ನ ಒಪ್ಪೋಕಾಗಲ್ಲ," ಎಂದಳು ಶರಾವತಿ. ಅವಳ ದನಿ ಮೊದಲ ಬಾರಿಗೆ ಏರಿತ್ತು.

\*

ಮಹಜರು, ಫೋಟೋ, ಕೋರ್ಟಿನ ಕಾಗದ ಎಲ್ಲ ಮುಗಿದು ಕಾರು ಮನೆಗೆ ಬಂದದ್ದು ಹದಿನೈದು ದಿನದ ಮೇಲೆ, ಒಂದು ಭಾನುವಾರ. ಶರಾವತಿ ಸೀರೆಯ ಸೆರಗು ಸಿಕ್ಕಿಸಿ ಪಟ್ಟಿಗಳನ್ನೆಲ್ಲ ಒದ್ದೆ ಬಟ್ಟೆಯಲ್ಲಿ ಒರೆಸಿದಳು. ಪಂಚೆ ಉಡಿಸಲು ಕೈಗೆತ್ತಿಕೊಂಡಾಗ ಒಂದರ ಅಂಚು ಗುರುತು ಸಿಕ್ಕಿತು. ಹಸಿರು ಗೀಟಿನದು. ಅಪ್ಪನ ಪಂಚೆ.

"ನಿಮ್ಮಮ್ಮನ ಹತ್ರ ಕೇಳಿ ತಗೊಂಡಿದ್ದೆ," ಎಂದ ಕಲ್ಲಪ್ಪ. "ಅವನಿಗೂ ಈ ಕಾರಂದ್ರೆ ಪ್ರಾಣ."

ಆಮೇಲೆ ಕೀ ತೆಗೆದು ಅವಳ ಕೈಯಲ್ಲಿಟ್ಟ. "ಕಣ್ಣಿನ ಆಪರೇಶನ್ ಆಗೋವರೆಗೆ ನಾನು ಮುಟ್ಟಲ್ಲ. ಒರೆಸಿದೀಯಲ್ಲ, ಸವಾರಿ ಆಗಲಿ. ನೀನೇ ಓಡಿಸು."

ಶರಾವತಿ ಓಡಿಸಿದಳು. ಮಾಮ ಪಕ್ಕದಲ್ಲಿ ಕೂತ, ಮಡಿಲಲ್ಲಿ ಹಸಿರು ಗೀಟಿನ ಪಂಚೆ. ಸೇತುವೆ ಬಂತು. ಅವಳು ಅಭ್ಯಾಸಬಲದಿಂದ ಕಾರು ತಿರುಗಿಸಲು ನಿಧಾನ ಮಾಡಿದಳು.

"ಇನ್ನೂ ಸ್ವಲ್ಪ ಮುಂದೆ ಹೋಗು ಶರೂ," ಎಂದ ಮಾಮ. "ಆಸ್ಪತ್ರೇಲಿ ಹಾಲಮ್ಮನ್ನ ನೋಡ್ಕೊಂಡು ಬರೋಣ."