ಸುಮ್ಮನೆ ಕೂತಾಗ ಕೇಳುವ ಸದ್ದು

"ಇದು ಅಳ್ತಾ ಇದೆ," ಎಂದು ಅವಳು ಪುಟ್ಟ ಶ್ರವಣಯಂತ್ರವನ್ನು, ಅದನ್ನು ತಯಾರಿಸಿಕೊಟ್ಟ ಇಂಜಿನಿಯರ್‌ನ ಮೇಜಿನ ಮೇಲಿಟ್ಟಳು.

ಬೆಸುಗೆ ಹಾಕುತ್ತಿದ್ದವನು ತಲೆಯೆತ್ತಿದ. ಶಾಲೆಯಿಂದ ನೇರ ಬಂದಿದ್ದ ಟೀಚರ್ ಅವಳು, ಬೆರಳಿಗೆ ಸೀಮೆಸುಣ್ಣ ಇನ್ನೂ ಅಂಟಿತ್ತು. ಕಣ್ಣಲ್ಲಿ ಮಾತ್ರ ಬೆಂಕಿ.

ಯಂತ್ರ ಅವಳ ಅಪ್ಪನದು. ಆಯುಷ್ಯವಿಡೀ ರೈಲು ಓಡಿಸಿ ಕಿವಿ ಮಂದವಾದ ಮನುಷ್ಯ. ಅಮ್ಮ ಹೋದ ಮೇಲೆ ಮನೆಯಲ್ಲಿ ಉಳಿದವರು ಅಪ್ಪ, ಮಗಳು ಇಬ್ಬರೇ. ಈ ಯಂತ್ರ ಬಂದ ಮೇಲೆ ಅವರ ನಡುವೆ ಮತ್ತೆ ಮಾತು ಹುಟ್ಟಿತ್ತು. ಈಗ ಅಪ್ಪ, ಸುಮ್ಮನೆ ಕೂತಾಗ ಏನೋ ಕುಂಯ್‌ಗುಡುತ್ತದೆ ಎಂದು ಅದನ್ನು ಕಿತ್ತಿಡುತ್ತಿದ್ದರು. ಕಿತ್ತಿಟ್ಟರೆ ಮಗಳ ದನಿಯೂ ಇಲ್ಲ...

ಅವನು ಸಮಾಧಾನದಿಂದಲೇ ವಿವರಿಸಿದ. ಒಳಗಿನ ಕನ್ವರ್ಟರ್ ಸೆಲ್ಲಿನ ವೋಲ್ಟೇಜನ್ನು ಏರಿಸಿ ಕೊಡುತ್ತದೆ. ಅದಕ್ಕಾಗಿ ಸೆಕೆಂಡಿಗೆ ಲಕ್ಷಾಂತರ ಸಲ ಆನ್ ಆಫ್ ಆಗುತ್ತದೆ, ಆ ವೇಗ ಮನುಷ್ಯರ ಕಿವಿಗೆ ಸಿಗುವುದಿಲ್ಲ. ಯಂತ್ರಕ್ಕೆ ಒಂದು ಸ್ವರ ಕೇಳಿಸಿ, ಪರೀಕ್ಷೆಯ ಪರದೆಯ ಮೇಲಿನ ಗೆರೆ ಶುದ್ಧವಾಗಿರುವುದನ್ನೂ ತೋರಿಸಿದ.

ಆದರೂ ಅವನು ಅಷ್ಟಕ್ಕೇ ಬಿಡಲಿಲ್ಲ. ಒಮ್ಮೆ ಕಾಯಿಲ್ ಬದಲಿಸಿದ, ಇನ್ನೊಮ್ಮೆ ಕೆಪಾಸಿಟರ್. ಪ್ರತಿ ಸಲವೂ ತಾನೇ ಮನೆಗೆ ತಂದುಕೊಟ್ಟ. ಅವನ ಚಹಾ ಆರಿಹೋದರೂ ಮಾತು ಮುಗಿಯುತ್ತಿರಲಿಲ್ಲ. ಗೇಟಿನ ಸದ್ದಾದರೆ ಅವಳ ಕೈ ತಾನಾಗಿ ಕೂದಲು ಸರಿಮಾಡಿಕೊಳ್ಳುತ್ತಿತ್ತು. ಇದು ಯಾವ ರೋಗವೆಂದು ಓದುಗರಿಗೆ ನಾನು ಹೇಳಬೇಕೇ?

ಆದರೆ ಅಪ್ಪ ಮತ್ತೆ ಯಂತ್ರ ಕಿತ್ತಿಟ್ಟ ದಿನ ಅವನು ಸೋತು ಹೇಳಿದ.

"ಯಂತ್ರದಲ್ಲಿ ತಪ್ಪಿಲ್ಲ ಟೀಚರ್. ಆ ಸದ್ದು ನಿಮ್ಮಪ್ಪನ ಕಿವಿಯಲ್ಲೇ ಇರಬಹುದು."

ಅವಳು ಸಿಡಿದಳು. "ಅಂದ್ರೆ ಅಪ್ಪನಿಗೆ ಭ್ರಮೆ ಅಂತೀರಾ? ಇನ್ಮೇಲೆ ಬರಬೇಡಿ."

ಅವನು ಬರಲಿಲ್ಲ. ತಾನು ಹಿಡಿದ ಮೊಲಕ್ಕೆ ಮೂರೇ ಕಾಲು ಅನ್ನುವವನು ಎಂದು ಅವಳು ಮನಸ್ಸಿನಲ್ಲೇ ಬೈದಳು. 'ಅಷ್ಟು ಬಿರುಸಾಗಿ ಹೇಳಬಾರದಿತ್ತೇನೋ...' ಎಂದು ಅತ್ತಳು. ಆದರೆ ಕರೆಯುವುದು ಹೇಗೆ? ಅವನನ್ನು ಕರೆದರೆ ಅಪ್ಪನ ಮಾತು ಸುಳ್ಳೆಂದು ಒಪ್ಪಿದಂತೆ.

ಒಂದು ಭಾನುವಾರ ಅವನೇ ಬಾಗಿಲಲ್ಲಿ ನಿಂತಿದ್ದ.

"ಸುಮ್ಮನೆ ಕೂತಾಗ ಅಂದಿದ್ರಿ. ನಾನು ಯಾವಾಗಲೂ ಏನಾದ್ರೂ ಸ್ವರ ಹಾಕಿಯೇ ನೋಡ್ತಿದ್ದೆ. ಒಂದ್ಸಲವೂ ಸುಮ್ಮನೆ ಕೂತು ಕೇಳಿಲ್ಲ."

ಅವನು ಯಂತ್ರವನ್ನು ತನ್ನ ಕಿವಿಗೆ ಹಾಕಿಕೊಂಡ. ಅವಳು ಫ್ಯಾನ್ ನಿಲ್ಲಿಸಿದಳು. ಮೂವರೂ ಮಾತಿಲ್ಲದೆ ಕೂತರು. ನೋಡನೋಡುತ್ತ ಅವನ ಮುಖ ಬಾಡಿತು.

ಅವನು ಯಂತ್ರವನ್ನು ತೆಗೆದು ಮೊದಲು ಅಪ್ಪನ ಕಿವಿಗೆ ಹಾಕಿದ. ಆಮೇಲೆ ಹೇಳಿದ.

"ನೀವು ಹೇಳಿದ್ದು ನಿಜ. ತಪ್ಪು ನಂದು."

ಕೋಣೆ ನಿಶ್ಶಬ್ದವಾದಾಗ ಕನ್ವರ್ಟರ್‌ಗೆ ಕೆಲಸ ಕಡಿಮೆ. ಸೆಲ್ ಉಳಿಯಲೆಂದು ಅದು ನಡುನಡುವೆ ವಿಶ್ರಾಂತಿ ಪಡೆಯುವಂತೆ ಮಾಡಿದ್ದವನು ಅವನೇ. ಹಾಗೆ ನಿಂತು ನಿಂತು ನಡೆಯುವಾಗ ಅದರ ಮಿಡಿತ ನಿಧಾನವಾಗಿ, ಕಿವಿಗೆ ಕೇಳುವ ಮಟ್ಟಕ್ಕೆ ಇಳಿಯುತ್ತಿತ್ತು.

ಮರುದಿನ ಸಂಜೆ ಆ ವಿಶ್ರಾಂತಿಯನ್ನೇ ತಪ್ಪಿಸಿ ತಂದ. ಅಪ್ಪ ಹಾಕಿಕೊಂಡು ಕಣ್ಣು ಮುಚ್ಚಿದರು.

"ಏನೂ ಕೇಳಿಸ್ತಿಲ್ಲ," ಎಂದರು ಅಪ್ಪ. ಅವರ ಕಣ್ಣು ಒದ್ದೆಯಾಗಿತ್ತು. "ಎಷ್ಟು ಹಿತವಾಗಿದೆ."

ಅವರು ಕುರ್ಚಿಗೊರಗಿದರು. ಇವರಿಬ್ಬರೂ ಬಾಗಿಲ ಬಳಿ ಬಂದರು.

"ಈಗ ಸೆಲ್ ಬೇಗ ಮುಗಿಯುತ್ತೆ," ಎಂದ ಅವನು ನೆಲ ನೋಡುತ್ತ. "ವಾರ ವಾರ ಬದಲಿಸಬೇಕು. ನಾನೇ ಬಂದು ಹಾಕ್ಲಾ?"

"ಸೆಲ್ ಹಾಕೋಕೆ ನಂಗೂ ಬರುತ್ತೆ."

"ಗೊತ್ತು."

"ಆದ್ರೂ ನೀವೇ ಬನ್ನಿ," ಎಂದು ಪಿಸುಗುಟ್ಟಿದಳು. "ಬಂದು... ಇಲ್ಲೇ ಇದ್ದುಬಿಡಿ."

ಒಳಗಿನಿಂದ ಅಪ್ಪನ ದನಿ ಬಂತು.

"ಮಗಳೇ, ನಂಗೀಗ ಎಲ್ಲಾ ಕೇಳಿಸುತ್ತೆ."