ಎಲುಬಿಗೆ ಕಟ್ಟಿದ ಹೆಸರು

“ಎಲುಬಿಗೆ ಹೆಸರು ಕಟ್ಟಬ್ಯಾಡ್ರಿ ಸಾಹೇಬ್ರ,” ಎಂದು ಗದಿಗೆಮ್ಮ ಹೇಳಿದಾಗ ಕೌಶಲ್ ಮೊದಲು ಅವಳ ಮುಖ ನೋಡಿದ, ಆಮೇಲೆ ನಕ್ಕ. ಪುಣೆಯಲ್ಲಿ ಪಿಎಚ್.ಡಿ. ಮುಗಿಸಿ ಬಂದು ಇನ್ನೂ ಮೂರು ತಿಂಗಳು. ಮಣ್ಣಿನ ಬುಟ್ಟಿ ಹೊರುವ ಹೆಂಗಸು ತನಗೆ ಪಾಠ ಹೇಳುವಷ್ಟು ಕಾಲ ಕೆಟ್ಟಿಲ್ಲ ಎಂಬುದು ಆ ನಗೆಯ ಅರ್ಥವಾಗಿತ್ತು.

ಅದು ಎರಡು ಸಾವಿರದ ಐದರ ಏಪ್ರಿಲ್. ಗಚ್ಚಿಬೌಲಿಯಿಂದಾಚೆ ಬಂಡೆ ಸಿಡಿಸಿ ಸಿಡಿಸಿ ಗಾಜಿನ ಕಟ್ಟಡಗಳು ಏಳುತ್ತಿದ್ದ ಕಾಲ. ಒಂದು ಸಾಫ್ಟ್‌ವೇರ್ ಕಂಪನಿಗಾಗಿ ಪಾಯ ತೋಡುವಾಗ ದುಂಡಗೆ ನೆಟ್ಟ ಕಲ್ಲುಗಳು ಸಿಕ್ಕಿದ್ದವು. ಅಕ್ಷರ ಹುಟ್ಟುವ ಮೊದಲು ಇಲ್ಲಿ ಬಾಳಿ ಸತ್ತವರ ಗೋರಿ ಅದು. ಬಿಲ್ಡರ್ ಹದಿನೈದೇ ದಿನ ಕೊಟ್ಟಿದ್ದ. ಮೆಹದಿಪಟ್ಟಣಂನ ಪ್ರಾಗಿತಿಹಾಸ ಸಂಶೋಧನಾ ಕೇಂದ್ರದವರು ಕುಂಚ, ಜರಡಿ ಹಿಡಿದು ಬಿಸಿಲಲ್ಲಿ ಕೂತಿದ್ದರು, ಅವರ ಬೆನ್ನ ಹಿಂದೆ ಜೆಸಿಬಿಗಳು ಸಾಲಾಗಿ ನಿಂತಿದ್ದವು.

ಹನ್ನೊಂದನೆಯ ದಿನ ಆಕೆ ಸಿಕ್ಕಿದಳು. ಹೆಂಗಸಿನ ಅಸ್ಥಿಪಂಜರ. ಬೋರಲಾಗಿ ಮಲಗಿಸಿ, ಬೆನ್ನ ಮೇಲೆ ಚಪ್ಪಡಿ ಹೇರಿ ಹೂತಿದ್ದರು. ಬಾಯಿ ಮಣ್ಣು ಕಚ್ಚಿತ್ತು. ಹಲ್ಲುಗಳು ಸವೆದು ಸವೆದು ಮಟ್ಟವಾಗಿದ್ದವು. ಕಲ್ಲಲ್ಲಿ ಅರೆದ ಕಾಳಿನ ಜೊತೆ ಹರಳು ತಿಂದವರ ಹಲ್ಲು ಹಾಗೇ ಆಗುತ್ತದೆ. ಗುಂಡಿಯಿಂದ ಎದ್ದ ವಾಸನೆ ಮಾತ್ರ ಹಳೆಯದಾಗಿರಲಿಲ್ಲ. ಈಗ ತಾನೇ ತೋಡಿದ ಹಸಿ ಕುಣಿಯ ವಾಸನೆ ಅದು.

ಆಕೆಯನ್ನು ಕಂಡುಹಿಡಿದವನು ಕೌಶಲ್ ಅಲ್ಲ. ಸಂಕಟ ಇದ್ದದ್ದೇ ಅಲ್ಲಿ.

ಕಂಡುಹಿಡಿದವಳು ಗುರುದೇವಿ. ಕೇಂದ್ರದಲ್ಲಿ ಐದು ವರ್ಷದಿಂದ ಗುತ್ತಿಗೆ ಮೇಲಿದ್ದ ಸಹಾಯಕಿ. ಸುರಪುರದ ಕಡೆಯಿಂದ ದುಡಿಯಲು ಬಂದ ಗೌಂಡಿಯ ಮಗಳು. ತಾಯಿಯಿಲ್ಲದ ಅವಳನ್ನು ದೊಡ್ಡಮ್ಮ ಗದಿಗೆಮ್ಮ ತಗಡಿನ ಶೆಡ್ಡುಗಳಲ್ಲೇ ಸಾಕಿ ಓದಿಸಿದ್ದಳು. ಕೌಶಲ್‌ನ ತಂದೆಯೋ ರಕ್ಷಣಾ ಕಾರ್ಖಾನೆಯಲ್ಲಿ ಅಧಿಕಾರಿ, ಮನೆಯಲ್ಲಿ ಪುಸ್ತಕದ ಕಪಾಟು, ಕೈಯಲ್ಲಿ ಕಾಯಂ ಹುದ್ದೆ. ಇಷ್ಟಿದ್ದೂ ಅವಳನ್ನು ಕಂಡರೆ ಅವನ ಹೊಟ್ಟೆ ಉರಿಯುತ್ತಿತ್ತು. ಅವನು ನಕ್ಷೆ ಬರೆದು ದಕ್ಷಿಣದಲ್ಲಿ ತೋಡಿಸಿದ. ಅವಳು ಮಣ್ಣನ್ನು ಚಿಟಿಕೆ ಹಿಡಿದು ಉಜ್ಜಿ, ಉತ್ತರಕ್ಕೆ ತೋಡೋಣವೇ ಸರ್ ಎಂದಳು. ದಕ್ಷಿಣದಲ್ಲಿ ಒಡೆದ ಮಡಕೆಯ ಎರಡು ಬೋಕಿ ಬಿಲ್ಲೆ ಸಿಕ್ಕಿದವು, ಉತ್ತರದಲ್ಲಿ ಆಕೆ ಸಿಕ್ಕಿದಳು. ಕೇಂದ್ರದ ನಿರ್ದೇಶಕ ಹನುಮಂತರಾಯರು ಇದಕ್ಕೂ ಮುಂಚೆಯೇ, ದೆಹಲಿಗೆ ಹೊರಡುವ ದಿನ ಎಲ್ಲರೆದುರಿಗೆ, ಆ ಹುಡುಗಿಯ ಕೈಯೊಳಗ ಮಣ್ಣು ಮಾತಾಡತೈತಿ ಎಂದಿದ್ದರು. ಅವತ್ತು ಕೌಶಲ್ ಊಟದ ಡಬ್ಬಿ ತೆರೆಯಲೇ ಇಲ್ಲ.

ಸಿಕ್ಕ ಪ್ರತಿ ಎಲುಬಿಗೂ ಒಂದು ಚೀಟಿ ಕಟ್ಟುವುದು ಈ ಕೆಲಸದ ಪದ್ಧತಿ. ಸ್ಥಳ, ಗುಂಡಿ, ಪದರ, ದಿನಾಂಕ, ಕೊನೆಗೆ ‘ಶೋಧಿಸಿದವರು’. ಬಿಳಿ ದಾರದಿಂದ ಗಂಟು ಹಾಕಿ ಚೀಲದಲ್ಲಿಡಬೇಕು. ಗದಿಗೆಮ್ಮ ಹೆದರಿದ್ದು ಇದಕ್ಕೇ.

“ನಮ್ ಕಡೆ ಬಾನಾಮತಿ ಮಾಡೋರು ಹಿಂಗ ಮಾಡ್ತಾರ್ರಿ. ಸುಡಗಾಡಿನ ಎಲುಬು, ಅದಕ್ಕ ದಾರ, ದಾರಕ್ಕ ಬದುಕಿದಾರ ಹೆಸರು. ಇಕಿ ಸುಮ್ನ ಸತ್ತಾಕಿ ಅಲ್ರಿ. ಏಳಬಾರದು ಅಂತ ಬೋರಲ ಹಾಕ್ಯಾರ.”

ಹಾಗಾದರೆ ದೇಶದ ಮ್ಯೂಸಿಯಮ್ಮುಗಳೆಲ್ಲ ಇಷ್ಟೊತ್ತಿಗೆ ಸುಡುಗಾಡಾಗಬೇಕಿತ್ತಲ್ಲ ಎಂದು ಕೌಶಲ್ ಗೇಲಿ ಮಾಡಿದ. ಗದಿಗೆಮ್ಮ ಸೆರಗು ಬಾಯಿಗಿಟ್ಟುಕೊಂಡು ಬುಟ್ಟಿ ಎತ್ತಿಕೊಂಡಳು. ಗುರುದೇವಿ ಮಾತ್ರ ತಲೆಬುರುಡೆಯ ಚೀಟಿಯಲ್ಲಿ ಎಲ್ಲ ಬರೆದು ಕೊನೆಯ ಸಾಲನ್ನು ಖಾಲಿ ಬಿಟ್ಟಳು. ನನಗೂ ಇದರಲ್ಲಿ ನಂಬಿಕೆಯಿಲ್ಲ, ಆದರೆ ಸಾಕಿದವಳ ಮಾತು ಮೀರಲಾರೆ, ನಿರ್ದೇಶಕರು ದೆಹಲಿಯಿಂದ ಬಂದ ಮೇಲೆ ಕಂಡದ್ದು ನಾನೆಂದು ಬಾಯಲ್ಲೇ ಹೇಳುತ್ತೇನೆ ಎಂದಳು.

ಸಂಜೆ ಕೇಂದ್ರದ ನೆಲಮಾಳಿಗೆಯ ಎಲುಬಿನ ಕೋಣೆಯಲ್ಲಿ ಕೌಶಲ್ ಒಬ್ಬನೇ ಇದ್ದ. ಆ ಖಾಲಿ ಸಾಲು ಅವನ ಕಣ್ಣು ಚುಚ್ಚಿತು. ಹಾಳಾದವಳು ಬೇಡವೆಂದು ಬಿಟ್ಟದ್ದನ್ನು ತಾನು ತುಂಬಿದರೆ ಕಳ್ಳತನ ಹೇಗಾದೀತು? ಹೊಟ್ಟೆಕಿಚ್ಚಿಗೆ ಇಂಥ ನ್ಯಾಯಗಳು ಬೇಗ ಹೊಳೆಯುತ್ತವೆ. ಪೆನ್ನು ತೆಗೆದು ತನ್ನ ಹೆಸರನ್ನು ದುಂಡಗೆ ಬರೆದ. ದಾರದ ಗಂಟನ್ನು ಇನ್ನೊಮ್ಮೆ ಬಿಗಿದ. ಬೆರಳಿಗೆ ಒಂದಿಷ್ಟು ಹಸಿಮಣ್ಣು ಹತ್ತಿತು, ಪ್ಯಾಂಟಿಗೆ ಒರೆಸಿಕೊಂಡ.

ಚೀಟಿಯಿಂದ ಹೆಸರು ರಿಜಿಸ್ಟರಿಗೆ ಹೋಯಿತು. ರಿಜಿಸ್ಟರಿನಿಂದ ಪತ್ರಿಕೆಗೆ ಹೋಯಿತು. ಕನ್ನಡ, ತೆಲುಗು, ಇಂಗ್ಲಿಷ್, ಮೂರರಲ್ಲೂ ಅವನ ಫೋಟೊ ಬಂತು. ಹನುಮಂತರಾಯರು ಮರಳಿ ಬಂದು ಬೆನ್ನು ತಟ್ಟಿದರು. ಪತ್ರಿಕೆಯಲ್ಲಿ ಅಚ್ಚಾದ ಮೇಲೆ ಗುತ್ತಿಗೆಯವಳ ಬಾಯಿಮಾತು ನಡೆಯದೆಂದು ಗುರುದೇವಿ ರಾಯರ ಬಳಿ ಹೋಗಲಿಲ್ಲ. ಅವಳು ದೂರು ಬರೆದಿಟ್ಟುಕೊಂಡಿದ್ದಾಳೆ ಎಂದು ಗುಮಾಸ್ತ ಹೇಳಿದ ದಿನದಿಂದ ಕೌಶಲ್‌ಗೆ ಅವಳ ಚಪ್ಪಲಿ ಸದ್ದು ಕೇಳಿದರೆ ಸಾಕು, ಪಕ್ಕದ ಬಾಗಿಲಿನಿಂದ ಜಾರಿಕೊಳ್ಳುತ್ತಿದ್ದ. ಕುಂಬಳಕಾಯಿ ಕಳ್ಳ ಹೆಗಲು ಮುಟ್ಟಿಕೊಂಡಂತೆ, ಯಾರು ಏನೇ ಕೇಳಲಿ, ನಾನೇ ಕಂಡುಹಿಡಿದದ್ದು ಎನ್ನುತ್ತಿದ್ದ.

ಮೊದಲು ಅವನ ಅನ್ನದಲ್ಲಿ ಹರಳು ಸಿಗತೊಡಗಿದವು. ತಾಯಿ ಸುಭದ್ರಾ ಅಕ್ಕಿಯನ್ನು ಎರಡೆರಡು ಸಲ ಆರಿಸಿದರು. ಮೊಸರಲ್ಲೂ ಹರಳು ಸಿಕ್ಕಿತು. ನೀರು ಕುಡಿದರೆ ನಾಲಿಗೆಯ ಮೇಲೆ ಮಣ್ಣು ಕೂರುತ್ತಿತ್ತು. ಅಂಗಾತ ಮಲಗಿದವನು ಬೆಳಿಗ್ಗೆ ಏಳುವಾಗ ಬೋರಲಾಗಿರುತ್ತಿದ್ದ, ಬೆನ್ನ ಮೇಲೆ ಏನೋ ಭಾರ, ತುಟಿ ದಿಂಬಿಗೆ ಅಂಟಿರುತ್ತಿತ್ತು. ಕೋಠಿಯ ದಂತವೈದ್ಯರು ಬಾಯೊಳಗೆ ಬೆಳಕು ಬಿಟ್ಟು ನೋಡಿ, ಇಪ್ಪತ್ತೊಂಬತ್ತಕ್ಕೆ ಅರವತ್ತರ ಹಲ್ಲು ಹೇಗೆ ಬಂತು, ಮಣ್ಣು ತಿನ್ನುವ ಚಟವಿದೆಯೇ ಎಂದು ಕೇಳಿದರು.

ಆ ಮಾತು ಅವನನ್ನು ಕೆಡಿಸಿತು. ಕೇಂದ್ರಕ್ಕೆ ಹೋಗಿ ತಲೆಬುರುಡೆಯ ದವಡೆಹಲ್ಲನ್ನು ಕ್ಯಾಲಿಪರ್ ಹಿಡಿದು ಅಳೆದ. ಏಪ್ರಿಲ್‌ನಲ್ಲಿ ಅದರ ಎತ್ತರ ಮೂರು ಮಿಲಿಮೀಟರ್ ಇತ್ತು. ಈಗ ನಾಲ್ಕೂವರೆ. ಕನ್ನಡಿ ಎದುರಿಗೆ ಬಾಯಿ ತೆರೆದು ತನ್ನದನ್ನು ಅಳೆದುಕೊಂಡ. ಏಳು ಇರಬೇಕಾದ್ದು ಐದೂವರೆಗೆ ಇಳಿದಿತ್ತು. ಬೇರೆ ಕ್ಯಾಲಿಪರ್ ತರಿಸಿದ. ಮುಂದಿನ ವಾರ ಅವಳದು ಆರು, ಇವನದು ನಾಲ್ಕು. ಕೂಡಿದರೆ ಪ್ರತಿಸಲ ಹತ್ತೇ ಬರುತ್ತಿತ್ತು. ದೆವ್ವಕ್ಕೆ ಹೆದರದ ವಿದ್ವಾಂಸ ಅಳತೆಗೆ ಹೆದರಿದ.

ಜೂನ್ ತಿಂಗಳ ಒಂದು ಮಧ್ಯಾಹ್ನ ಕತ್ತರಿ ಹಿಡಿದು ನೆಲಮಾಳಿಗೆಗೆ ಇಳಿದ. ದಾರ ಕತ್ತರಿಸಿ ಚೀಟಿ ಹರಿದರೆ ಮುಗಿಯಿತು ಎಂಬ ಧೈರ್ಯ. ಕಪಾಟಿನ ಬಾಗಿಲು ತೆರೆದ. ಕರೆಂಟು ಹೋಯಿತು.

ಕಿಟಕಿಯಿಲ್ಲದ ಕೋಣೆ. ಕತ್ತಲು. ಹಸಿ ಕುಣಿಯ ವಾಸನೆ ಮೂಗಿಗಡರಿತು. ಕೈ ಚಾಚಿದ. ಬುರುಡೆ ಬೆಚ್ಚಗಿತ್ತು. ದಾರ ಹುಡುಕಿದ. ಗಂಟು ಸಿಕ್ಕಿತು. ಕತ್ತರಿ ಆಡಿಸಿದ. ದಾರ ತುಂಡಾಯಿತು. ಚೀಟಿ ಕೈಗೆ ಬಂತು. ಆಗ ಸದ್ದು ಕೇಳಿಸಿತು. ಕರ್. ಕರ್. ಯಾರೋ ಹರಳು ಅಗಿಯುತ್ತಿದ್ದರು. ಹತ್ತಿರದಲ್ಲೇ. ಕಿವಿಯ ಪಕ್ಕದಲ್ಲೇ. ಓಡಬೇಕೆಂದುಕೊಂಡ. ಬೆನ್ನ ಮೇಲೆ ಚಪ್ಪಡಿಯ ಭಾರ ಬಿತ್ತು. ಮುಖ ನೆಲಕ್ಕೆ ತಾಗಿತು. ಸದ್ದು ನಿಲ್ಲಲಿಲ್ಲ. ಕರ್. ಕರ್. ಅಗಿಯುತ್ತಿದ್ದದ್ದು ಅವನದೇ ಬಾಯಿ.

ಕರೆಂಟು ಬಂದಾಗ ನೆಲದ ಮೇಲೆ ರಕ್ತ ಬೆರೆತ ಬಿಳಿ ಪುಡಿ ಬಿದ್ದಿತ್ತು. ಕಪಾಟಿನಲ್ಲಿದ್ದ ಬುರುಡೆಯ ಹಲ್ಲುಗಳು ಹದಿನೆಂಟರ ಹುಡುಗಿಯ ಹಲ್ಲಿನಂತೆ ಹೊಳೆಯುತ್ತಿದ್ದವು.

ಅವನು ನೇರ ಗದಿಗೆಮ್ಮನ ಶೆಡ್ಡಿಗೆ ಓಡಿದ. ಅವಳು ರೊಟ್ಟಿ ತಟ್ಟುತ್ತಿದ್ದಳು. ಎಲ್ಲ ಕೇಳಿಸಿಕೊಂಡು, ಹೆಸರನ್ನು ಎಷ್ಟು ಕಡೆ ಬರೆದಿರಿ ಎಂದು ವಿಚಾರಿಸಿದಳು. ಚೀಟಿ, ರಿಜಿಸ್ಟರ್, ಮೂರು ಪತ್ರಿಕೆ, ಒಂದು ಪ್ರಬಂಧ ಎಂದು ಅವನು ಎಣಿಸಿದ. ಅವಳ ಕೈ ಹಿಟ್ಟಿನ ಮೇಲೆ ನಿಂತಿತು.

“ಕಟ್ಟಿದವ್ರು ಬಿಚ್ಚಿದ್ರ ಬಿಚ್ಚಂಗಿಲ್ರಿ. ಖರೇ ಕಂಡಾಕಿ ಬಂದು, ಇದು ನಂದು ಅನಬೇಕು. ಆದ್ರ ಸಾಹೇಬ್ರ, ಆಕಿ ಹಂಗ ಅಂದ್ರ ನಿಮ್ಮನ್ನ ಬಿಟ್ಟು ಅದು ಎಲ್ಲಿಗಿ ಹೋಗತೈತಿ, ಅದನ್ನೂ ಆಕಿಗಿ ಹೇಳ್ರಿ.”

ಕೌಶಲ್ ಹೇಳಲಿಲ್ಲ. ಬದುಕುವ ಆಸೆ ಅಷ್ಟು ದೂರ ಯೋಚಿಸಲು ಬಿಡಲಿಲ್ಲ ಎಂದರೆ ಸುಳ್ಳಾದೀತು. ಯೋಚಿಸಿದ, ಗೊತ್ತಿದ್ದೂ ಹೋದ.

ಗುರುದೇವಿ ಜರಡಿ ತೊಳೆಯುತ್ತಿದ್ದಳು. ನೀನು ದೂರು ಕೊಟ್ಟುಬಿಡು ಎಂದು ಅವನು ಗೋಗರೆದ. ಎರಡು ತಿಂಗಳು ಯಾವ ಕಾಗದಕ್ಕೆ ಹೆದರಿ ಬೆವರಿದ್ದನೋ ಅದೇ ಕಾಗದಕ್ಕಾಗಿ ಕೈ ಮುಗಿದ. ಶೋಧವನ್ನು ಕಾಯಂ ದಾಖಲೆ ಮಾಡುವ ಸಮಿತಿ ಸೋಮವಾರ ಸೇರುತ್ತದೆ, ನಾನು ಕಳ್ಳ ಎಂದು ಬರೆ, ನಾನೇ ಒಪ್ಪಿಕೊಳ್ಳುತ್ತೇನೆ ಎಂದ. ಅವಳ ಕಣ್ಣು ತುಂಬಿ ಬಂದವು. ಮಾಡಿದ ಕೆಲಸಕ್ಕೆ ತನ್ನ ಹೆಸರು ಬರಲೆಂದು ಐದು ವರ್ಷ ಕಾದಿದ್ದಳು. ಆಮೇಲೆ ಅವನ ತುಟಿಯ ಅಂಚಿನ ರಕ್ತ ಅವಳ ಕಣ್ಣಿಗೆ ಬಿತ್ತು.

“ಬಾಯಿ ತಗೀರಿ ಸರ್,” ಎಂದಳು.

ತೆರೆದ. ಅವಳು ಬೆಳಕಿಗೆ ಅವನ ಗಲ್ಲ ತಿರುಗಿಸಿ, ಗೋರಿಯ ಹಲ್ಲು ನೋಡುವ ಹಾಗೆಯೇ, ಒಂದೊಂದಾಗಿ ನೋಡಿದಳು. ಬಹಳ ಹೊತ್ತು ನೋಡಿದಳು. ಸೋಮವಾರದೊಳಗೆ ಸಮಿತಿಗೆ ಬರೆದು ಕೊಡುತ್ತೇನೆ ಎಂದು ಹೇಳಿ, ಕೈ ತೊಳೆದುಕೊಂಡು ಹೊರಟುಹೋದಳು. ಆ ಮೂರು ರಾತ್ರಿ ಕೌಶಲ್ ನೆಮ್ಮದಿಯಿಂದ ಮಲಗಿದ.

ಸೋಮವಾರ ಸಮಿತಿ ಸೇರಿತು. ಉದ್ದನೆಯ ಮೇಜು, ಚಹಾ, ಬಿಸ್ಕತ್ತು, ನಡುವೆ ಕೆಂಪು ಬಟ್ಟೆಯ ಮೇಲೆ ಬುರುಡೆ. ಗುರುದೇವಿ ಬಾಗಿಲ ಬಳಿಯ ಕುರ್ಚಿಯಲ್ಲಿದ್ದಳು. ಹನುಮಂತರಾಯರು ಕನ್ನಡಕ ಏರಿಸಿ ಅವಳ ಪತ್ರ ಓದಿದರು. ಈ ಅವಶೇಷದ ಶೋಧದ ಬಗ್ಗೆ ಹಬ್ಬಿದ ಮಾತುಗಳು ಸುಳ್ಳು. ಅಂದು ನಾನು ಗುಂಡಿಯ ಹತ್ತಿರವೇ ಇರಲಿಲ್ಲ. ಇದನ್ನು ಕಂಡವರು, ಎತ್ತಿದವರು, ಗುರುತಿಸಿದವರು ಕೌಶಲ್ ಅವರೊಬ್ಬರೇ. ಇದರ ಮೇಲೆ ನನಗೆ ಇಂದೂ ಮುಂದೂ ಯಾವ ಹಕ್ಕೂ ಇಲ್ಲ. ಕೆಳಗೆ ಸಹಿ, ಇಬ್ಬರು ಸಾಕ್ಷಿಗಳ ರುಜು.

ಎಲ್ಲರೂ ಚಪ್ಪಾಳೆ ತಟ್ಟಿದರು. ಕೌಶಲ್ ಎದ್ದು ನಿಂತ. ನಾನು ಸುಳ್ಳ, ಚೀಟಿಯಲ್ಲಿ ಕದ್ದು ಹೆಸರು ಬರೆದೆ, ಅದು ಅವಳದು ಎಂದು ಸವೆದ ಹಲ್ಲುಗಳ ನಡುವೆ ತೊದಲಿ ತೊದಲಿ ಎಲ್ಲ ನಿಜ ಹೇಳಿದ. ಒಂದು ಮಾತೂ ಬಿಡಲಿಲ್ಲ. ಹನುಮಂತರಾಯರ ಕಣ್ಣು ಒದ್ದೆಯಾದವು.

“ನೋಡ್ರಿ, ಗುತ್ತಿಗಿ ಹುಡುಗಿಗೆ ಹೆಸರು ಬರಲಿ ಅಂತ ತನ್ನ ಹೆಸರ ಕೆಡಿಸ್ಕೊಳ್ಳಾಕತ್ತಾನ. ಇಂಥಾ ಮನಸ್ಸು ಈಗ ಯಾರಿಗೈತಿ? ಕೂಡಪ್ಪಾ, ಭಾಳ ದಣದೀದಿ.”

ಯಾರೋ ಭುಜ ಹಿಡಿದು ಕೂರಿಸಿದರು. ರಾಯರು ಬುರುಡೆಯನ್ನು ಹತ್ತಿರ ಎಳೆದುಕೊಂಡು, ಮೊನಚು ಲೇಖನಿಯನ್ನು ಕಪ್ಪು ಶಾಯಿಯಲ್ಲಿ ಅದ್ದಿದರು. ಕಾಯಂ ದಾಖಲೆಯಾದ ಎಲುಬಿನ ಮೇಲೆ ಅಂಕಿ, ಹೆಸರು ಬರೆದು, ಅಳಿಸದ ಹಾಗೆ ಮೇಲೆ ವಾರ್ನಿಷ್ ಎಳೆಯುವುದು ಕೇಂದ್ರದ ರಿವಾಜು. ಮೊದಲ ಅಕ್ಷರ ಮೂಡಿತು. ಕೌಶಲ್‌ನ ಬೆನ್ನು ಬಾಗಿತು. ಎರಡನೆಯದು ಮೂಡಿತು. ಹಣೆ ಮೇಜಿಗೆ ತಾಗಿತು. ಬಾಯಿ ತುಂಬ ಮಣ್ಣು.

ಮೇಜಿನ ಅಂಚಿನಿಂದ ಅವನಿಗೆ ಬಾಗಿಲು ಕಾಣುತ್ತಿತ್ತು. ಗುರುದೇವಿ ಎದ್ದು ನಿಂತಿದ್ದಳು. ಅವಳ ಮುಖ ಬಿಳಿಚಿತ್ತು, ಕೈಗಳು ಒಂದನ್ನೊಂದು ಹಿಡಿದಿದ್ದವು.

“ನನಗ ಬದುಕಬೇಕೈತ್ರಿ ಸರ್,” ಎಂದಳು, ಅವನಿಗಷ್ಟೇ ತಿಳಿಯುವಂತೆ ತುಟಿಯಲ್ಲೇ.

ಆಮೇಲೆ ಸೆರಗು ಸರಿಪಡಿಸಿಕೊಂಡು, ಎದೆ ತುಂಬ ಉಸಿರೆಳೆದುಕೊಂಡು, ಬಿಸಿಲಿಗೆ ಇಳಿದಳು. ಯಾವ ಚೀಟಿಯಲ್ಲೂ, ಯಾವ ಪುಸ್ತಕದಲ್ಲೂ ಅವಳ ಹೆಸರಿರಲಿಲ್ಲ. ಕೌಶಲ್‌ಗೆ ಹುಟ್ಟಿದಾಗಿನಿಂದ ಯಾರ ಮೇಲೂ ಅಷ್ಟು ಹೊಟ್ಟೆಕಿಚ್ಚು ಬಂದಿರಲಿಲ್ಲ.